ನಾಲ್ವಡಿಯವರ ತಾಯಿ ಅಂದರೆ ಸಾಲದು

ನಮಸ್ಕಾರ. ಇವತ್ತು ಭಾನುವಾರ, ಮೈಸೂರು ಅರಮನೆಗೆ ದೀಪ ಹಾಕುವ ಹೊತ್ತು. ಜನ ಆಗಲೇ ಮೊಬೈಲ್ ಎತ್ತಿಕೊಂಡು ನಿಂತಿದ್ದಾರೆ. ಇಲ್ಲಿ ಬಂದವರೆಲ್ಲ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರನ್ನು ನೆನೆಯುತ್ತಾರೆ. ನೆನೆಯಲೇಬೇಕು. ಆದರೆ ಈ ಅರಮನೆ ಕೆಲಸ ಶುರು ಮಾಡಿಸಿದ್ದು ಅವರ ತಾಯಿ, ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ.

ನಂಜನಗೂಡು ಕಡೆಯ ಕಳಲೆ ಮನೆತನದವರು. 1894ರ ಡಿಸೆಂಬರ್‌ನಲ್ಲಿ ಪತಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡರು. ಮಗನಿಗೆ ಬರೀ 10 ವರ್ಷ. ಇವರಿಗಿನ್ನೂ 30 ತುಂಬಿರಲಿಲ್ಲ. ಸಂಸ್ಥಾನ ಬ್ರಿಟಿಷರ ಕೈಯಿಂದ ಒಡೆಯರ್ ಮನೆತನಕ್ಕೆ ವಾಪಸ್ ಬಂದಿದ್ದು 1881ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಅಂಥ ಹೊತ್ತಿನಲ್ಲಿ ರೀಜೆಂಟ್ ಆಗಿ, ಅಂದರೆ ಮಗ ದೊಡ್ಡವನಾಗುವವರೆಗೆ ಅವನ ಪರವಾಗಿ, 1895ರಿಂದ 1902ರವರೆಗೆ ಆಳಿದರು.

ಸುಲಭದ ವರ್ಷಗಳಲ್ಲ ಅವು. 1897ರಲ್ಲಿ ಮಗಳ ಮದುವೆ ಸಮಯದಲ್ಲೇ ಹಳೇ ಮರದ ಅರಮನೆ ಸುಟ್ಟುಹೋಯಿತು. ಅದೇ ವರ್ಷ ಹೊಸದಕ್ಕೆ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರನ್ನು ನೇಮಿಸಿದರು. ಮುಗಿದಿದ್ದು 1912ರಲ್ಲಿ, ಮಗನ ಕಾಲಕ್ಕೆ. ಬೆಂಕಿ ಬಿದ್ದ ಮರುವರ್ಷ, 1898ರಲ್ಲಿ, ಪ್ಲೇಗ್ ಬಂತು. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೂ ಹಾಗೇ, ಶುರುವಾಗಿದ್ದು ಇವರ ಆಳ್ವಿಕೆಯಲ್ಲಿ, ಪೂರ್ತಿಯಾಗಿದ್ದು 1907ರಲ್ಲಿ. ಅದಕ್ಕೆ ವಾಣಿವಿಲಾಸ ಸಾಗರ ಅಂತ ಇವರ ಹೆಸರೇ ಇದೆ. 2022ರಲ್ಲಿ ಕೋಡಿ ಬಿದ್ದಾಗ ಎಷ್ಟು ಸಂಭ್ರಮ ಆಯ್ತು, ನೆನಪಿದೆ ಅಲ್ವಾ?

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಶಿವನಸಮುದ್ರ. ನಮ್ಮ ಮಂಡ್ಯ ಜಿಲ್ಲೆಯ ಆ ಜಲಪಾತದಿಂದ ಕರೆಂಟ್ ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಸಾಗಿಸಿದರು. 1902ರ ಜೂನ್‌ನಲ್ಲಿ! ಯೋಜನೆ ಹಿಂದೆ ದಿವಾನ್ ಶೇಷಾದ್ರಿ ಅಯ್ಯರ್ ಇದ್ದರು, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಇದ್ದರು. ಅವರ ಪಾಲು ಅವರಿಗೆ ಸಲ್ಲಲಿ. ಆದರೆ ಇಲ್ಲಿ ಯಾರೂ ನೋಡಿರದ ಇಂಥ ಕೆಲಸಕ್ಕೆ ಖಜಾನೆ ಹಣ ಹಾಕುವಾಗ ರಾಜ್ಯದ ಹೊಣೆ ಹೊತ್ತಿದ್ದವರು ಕೆಂಪನಂಜಮ್ಮಣ್ಣಿ. ಸೋತಿದ್ದರೆ ತಪ್ಪೆಲ್ಲ ಇವರ ತಲೆಗೇ ಕಟ್ಟುತ್ತಿದ್ದರು. ಗೆದ್ದಾಗ ಯಾಕೆ ಹೆಸರು ಹೇಳೋದಿಲ್ಲ?

ಎರಡೇ ತಿಂಗಳಿಗೆ, 1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ, ವೈಸ್‌ರಾಯ್ ಕರ್ಜನ್ ಎದುರಲ್ಲಿ ಮಗನಿಗೆ ಅಧಿಕಾರ ಸಿಕ್ಕಿತು. ತಾಯಿ ಪಕ್ಕಕ್ಕೆ ಸರಿದರು.

ಮುಂದಿನ ವ್ಲಾಗ್‌ನಲ್ಲಿ ಮಳವಳ್ಳಿ ದಾರಿಯಾಗಿ ಶಿವನಸಮುದ್ರಕ್ಕೇ ಹೋಗೋಣ. ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಂಡು ನೋಡಿ.