ಬಾಲ ಉಲ್ಟಾ ಇರೋ ವಿಮಾನ, ಪದೇ ಪದೇ ಬಾಗಿಲು ಹಾಕಿದ ಕಂಪನಿ

ಒಂದು ಪುಟ್ಟ ವಿಮಾನ ನೋಡ್ತೀರಾ, ಬಾಲದ ಮುಂದಿನ ಅಂಚು ನೆಟ್ಟಗೆ ನಿಂತಿದೆ, ಯಾರೋ ಹಿಂದುಮುಂದಾಗಿ ಫಿಟ್ ಮಾಡ್ಬಿಟ್ರೇನೋ ಅನ್ಸುತ್ತೆ, ಹಂಗಿದ್ರೆ ಕಣ್ಣುಮುಚ್ಚಿ ಹೇಳ್ಬಹುದು, ಅದು ಮೂನಿ ಕಂಪನಿದು. ಮೂಗು ಮೇಲೆ ಕೆಳಗೆ ಆಗದ ಹಾಗೆ ಹದ ಮಾಡೋ ಟ್ರಿಮ್ ತಿರುಗಿಸಿದ್ರೆ ಇಡೀ ಬಾಲನೇ ಬಾಗುತ್ತೆ!

ಅಲ್ ಮೂನಿ 1929ರಲ್ಲಿ ಅಮೆರಿಕದ ವಿಚಿಟಾದಲ್ಲಿ ಕಂಪನಿ ಶುರು ಮಾಡಿದ್ರು, ಆರ್ಥಿಕ ಕುಸಿತ ಬಂತು, ಮುಚ್ಚಿಹೋಯ್ತು. ಎರಡನೇ ಮಹಾಯುದ್ಧ ಮುಗಿದ್ಮೇಲೆ ಮತ್ತೆ ಎದ್ದು, ಮೈಟ್ ಅನ್ನೋ ಒಬ್ಬರೇ ಕೂರೋ ವಿಮಾನ ಮಾಡಿದ್ರು, ಮೊದಲನೇವಕ್ಕೆ ಹಾಕಿದ್ದು ಕ್ರಾಸ್ಲಿ ಕಾರಿನ ಇಂಜಿನ್ ಮಾರಾಯ್ರೇ. 1953ರಲ್ಲಿ ಟೆಕ್ಸಾಸ್‌ನ ಕೆರ್‌ವಿಲ್‌ಗೆ ಬಂದ್ರು, 1955ರಲ್ಲಿ ಎಂ20 ಬಂತು, ಮರದ ರೆಕ್ಕೆ, ನಾಲ್ಕು ಸೀಟು. ಅಲ್ ಮಾತ್ರ ಅದೇ ಹೊತ್ತಿಗೆ ಕಂಪನಿ ಬಿಟ್ಟು ಲಾಕ್‌ಹೀಡ್ ಅನ್ನೋ ದೊಡ್ಡ ವಿಮಾನ ಕಂಪನಿ ಸೇರ್ಕೊಂಡ್ರು, ಹೆಸರು ಇಲ್ಲಿ ಉಳೀತು, ಮನುಷ್ಯ ಅಲ್ಲಿ.

ನನಗೆ ಇಷ್ಟ ಆಗೋದು ಹಳೇವುಗಳ ಚಕ್ರ ಮಡಚೋ ರೀತಿ. ಮೋಟಾರ್ ಇಲ್ಲ, ಏನಿಲ್ಲ, ಎರಡು ಸೀಟಿನ ಮಧ್ಯೆ ಒಂದು ಉದ್ದ ಸರಳು, ನೆಟ್ಟಗೆ ನಿಲ್ಲಿಸಿ ಡ್ಯಾಶ್ ಹತ್ರ ಲಾಕ್ ಮಾಡಿದ್ರೆ ಚಕ್ರ ಕೆಳಗೆ, ನೆಲಕ್ಕೆ ಮಲಗಿಸಿದ್ರೆ ಮೇಲೆ. ಶಾಕ್ ಅಬ್ಸಾರ್ಬರ್ ಬದಲು ರಬ್ಬರ್ ಬಿಲ್ಲೆಗಳು. ಕೆಡೋಕೆ ಏನಿದೆ ಹೇಳಿ?

ಹಳೇವು ಕೆಡಲ್ಲ ಅನ್ನೋದ್ರಲ್ಲೇ ಇರೋದು ಎಡವಟ್ಟು ಅಂತೀನಿ ನಾನು. 1969ರಲ್ಲಿ ದಿವಾಳಿ, ಕೈ ಬದಲಾಯ್ತು, 1973ರಲ್ಲಿ ರಿಪಬ್ಲಿಕ್ ಸ್ಟೀಲ್‌ನವ್ರು ತಗೊಂಡ್ರು, ರಾಯ್ ಲೊಪ್ರೆಸ್ಟಿ ಅನ್ನೋ ಇಂಜಿನಿಯರ್ ಬಂದು ಅದೇ ಎಂ20ನ ಸಂದುಗೊಂದು ಮುಚ್ಚಿ, ಮೂಗು ನಯ ಮಾಡಿ, 200 ಹಾರ್ಸ್‌ಪವರ್‌ನಲ್ಲೇ ಗಂಟೆಗೆ 201 ಮೈಲಿ ಓಡಿಸಿಬಿಟ್ರು, ಅದಕ್ಕೇ ಮಾಡೆಲ್ ಹೆಸರೇ 201. ಸರಿ, ಅಷ್ಟು ಚೆನ್ನಾಗಿರೋ ಹಳೇದು ಸೆಕೆಂಡ್ ಹ್ಯಾಂಡಲ್ಲಿ ಸಿಗ್ತಿರುವಾಗ, ಅದೇ ಮೈಕಟ್ಟಿನ ಹೊಸದಕ್ಕೆ ಲಕ್ಷಗಟ್ಟಲೆ ಡಾಲರ್ ಸುರಿಯೋರು ಎಷ್ಟು ಜನ? ಸಿರಸ್ ಅನ್ನೋ ಇನ್ನೊಂದು ಪುಟ್ಟ ವಿಮಾನದ ಕಂಪನಿ ಬಂದು ಗಿರಾಕಿ ಕಿತ್ಕೊಳ್ತು ಅಂತಾರೆ ಎಲ್ರೂ, ಸುಳ್ಳಲ್ಲ, ಇಡೀ ವಿಮಾನಕ್ಕೇ ಪ್ಯಾರಾಶೂಟ್ ಇದೆ ಅಂದ್ರೆ ಮನೆಯವ್ರು ಬೇಗ ಒಪ್ಕೊಳ್ತಾರೆ, ಆದ್ರೆ ಮೂನಿಯ ನಿಜವಾದ ಎದುರಾಳಿ ಹಳೇ ಮೂನಿನೇ. ಮಧ್ಯದಲ್ಲಿ ಪೋರ್ಷೆ ಇಂಜಿನ್ ಹಾಕಿ ನೋಡಿದ್ರು, ಅದೂ ನಡೀಲಿಲ್ಲ.

2008ರಲ್ಲಿ ತಯಾರಿಕೆ ನಿಂತೋಯ್ತು, 2013ರಲ್ಲಿ ಚೀನಾದವ್ರು ದುಡ್ಡು ಹಾಕಿ ಎಬ್ಬಿಸಿದ್ರು, 2019ಕ್ಕೆ ಮತ್ತೆ ಬೀಗ. ಈ ಸಲ ಕೊಂಡ್ಕೊಂಡಿದ್ದು ಯಾರು ಗೊತ್ತಾ, ಸ್ವತಃ ಮೂನಿ ಓಡಿಸೋ ಮಾಲೀಕರ ಗುಂಪು, ಹಾರ್ತಿರೋ ಹಳೇ ವಿಮಾನಗಳಿಗೆ ಸ್ಪೇರ್ ಪಾರ್ಟ್ ಸಿಗ್ಲಿ ಅಂತ.