ಮನೆ ನೋಡಲು ಹೋಗಿ ಬಂಡಿ ತಂದೆವು

ಕೇಳುಗರಿಗೆ ನಮಸ್ಕಾರ.

ನಾನು ಬಳ್ಳಾರಿಯವಳು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದೆ. ಇವತ್ತು ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಒಂದು ಪುಟ್ಟ ಮನೆಯ ವಿಷಯ ಹೇಳುತ್ತೇನೆ. ಟ್ರೇಲರ್ ಅನ್ನಿ, ಕ್ಯಾರವಾನ್ ಅನ್ನಿ. ಒಳಗೆ ಹಾಸಿಗೆ ಇರುತ್ತದೆ, ಒಲೆ ಇರುತ್ತದೆ, ಎಂಜಿನ್ ಮಾತ್ರ ಇರುವುದಿಲ್ಲ. ಕಾರು ಎಳೆದ ಕಡೆ ಹೋಗುತ್ತದೆ.

"ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎಂದು ನಮ್ಮ ಓಣಿಯವರು ಕೇಳಿದರು. ನನಗೇನೂ ಇದು ಹೊಸದು ಅನ್ನಿಸಲಿಲ್ಲ. ನನ್ನ ತವರು ಕಂಪ್ಲಿ ಹತ್ತಿರದ ಒಂದು ಹಳ್ಳಿ. ನಾನು ಚಿಕ್ಕವಳಿದ್ದಾಗ ಹುಲಿಗೆಮ್ಮನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಬಂಡಿಯಲ್ಲಿ ಹುಲ್ಲು ಹಾಸಿ ಮೇಲೆ ಕಂಬಳಿ. ಕಮಾನಿಗೆ ಚಾಪೆ. ರೊಟ್ಟಿ ಗಂಟು, ನೀರಿನ ಕೊಡ, ಮೂರು ಕಲ್ಲು ಸಿಕ್ಕ ಕಡೆ ಒಲೆ. ಹೊಳೆ ದಂಡೆಯಲ್ಲಿ ಎತ್ತು ಬಿಟ್ಟು ಬಂಡಿ ಕೆಳಗೆ ಮಲಗುವುದು. ಕ್ಯಾರವಾನ್ ಅಂದರೆ ಇದೇ ಅಲ್ವಾ? ಎತ್ತಿನ ಜಾಗಕ್ಕೆ ಕಾರು ಬಂದಿದೆ, ಅಷ್ಟೇ.

2024ರ ಬೇಸಿಗೆಯಲ್ಲಿ ಹುಡುಕಾಟ ಶುರು ಮಾಡಿದೆವು. ನಮ್ಮ ಕಡೆ ಇವನ್ನು ಮಾರುವವರು ಇಲ್ಲ. ಕೊನೆಗೆ ಎರಡು ಉಳಿದವು. ಒಂದು ಬೆಂಗಳೂರಿನ ಹೊರವಲಯದ ಶೋರೂಮಿನಲ್ಲಿ. ಇನ್ನೊಂದು ಪುಣೆ ಕಡೆಯ ಸಣ್ಣ ವರ್ಕ್‌ಶಾಪಿನಲ್ಲಿ. ಮನೆಯಲ್ಲಿ ನಾವು ಅವಕ್ಕೆ ಹೆಸರು ಇಟ್ಟಿದ್ದೆವು. ಬೆಂಗಳೂರಿನದು ಡಬ್ಬಿ, ಪುಣೆಯದು ಮೊಟ್ಟೆ.

ಡಬ್ಬಿಯೊಳಗೆ ನೆಟ್ಟಗೆ ನಿಲ್ಲಬಹುದು. ಎರಡು ಹಾಸಿಗೆ, ಸಿಂಕು, ಪುಟ್ಟ ಫ್ರಿಜ್ಜು, ಮೂಲೆಯಲ್ಲೊಂದು ಶೌಚಾಲಯ, ಚಾವಣಿಯಲ್ಲಿ ಏಸಿ. ಮೊಟ್ಟೆಯೊಳಗೆ ಕೂರಬಹುದು, ಮಲಗಬಹುದು, ನಿಲ್ಲಲು ಆಗುವುದಿಲ್ಲ. ಅಡುಗೆ ಮಾಡುವುದು ಹಿಂದೆ, ಡಿಕ್ಕಿ ಎತ್ತಿದಂತೆ ಬಾಗಿಲು ಎತ್ತಿ, ಹೊರಗೆ ನಿಂತು. ನಮ್ಮ ಮನೆಯವರು ಡಬ್ಬಿ ಹತ್ತಿದವರು ಇಳಿಯಲೇ ಇಲ್ಲ. ಸಿಂಕಿನ ನಲ್ಲಿ ತಿರುಗಿಸಿದರು, ಪರದೆ ಎಳೆದರು, "ಇಲ್ಲಿ ಗಣಪತಿ ಫೋಟೋ ಹಾಕಬಹುದು" ಅಂದರು. ಅಲ್ಲೇ ತಪ್ಪಿದ್ದು. ಅವರು ಮನೆ ನೋಡುತ್ತಿದ್ದರು. ನಾನೂ ಮೊದಲ ದಿನ ಮನೆಯನ್ನೇ ನೋಡಿದೆ, ಸುಳ್ಳು ಯಾಕೆ ಹೇಳಲಿ.

ರಾತ್ರಿ ಲಾಡ್ಜಿನಲ್ಲಿ ನನಗೆ ಅಪ್ಪನ ಮಾತು ನೆನಪಾಯಿತು. ಜಾತ್ರೆ ದಾರಿಯಲ್ಲಿ ನಾವು ಮಕ್ಕಳೆಲ್ಲ ಬಂಡಿ ಹಿಂದೆ ಕಾಲು ಇಳಿಬಿಟ್ಟು ಕೂರುತ್ತಿದ್ದೆವು. ಅಪ್ಪ ತಿರುಗಿ ನೋಡದೆ, "ಹಿಂಭಾರ ಆಗ್ಯಾದ, ಇಬ್ಬರು ಮುಂದ ಬರ್ರಿ" ಅನ್ನುತ್ತಿದ್ದ. ಹಿಂದೆ ಭಾರ ಆದರೆ ಮೂಕಿ, ಅಂದರೆ ಬಂಡಿಯ ಮುಂದಿನ ಉದ್ದನೆ ಮರ, ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ, ಕೊರಳ ಹಗ್ಗ ಬಿಗಿಯುತ್ತದೆ. ಮುಂದೆ ಜಾಸ್ತಿ ಆದರೆ ಹೆಗಲು ಹುಣ್ಣಾಗುತ್ತದೆ. ಟ್ರೇಲರಿಗೂ ಇದೇ ಲೆಕ್ಕ. ಅದರ ಮೂತಿ, ಅಂದರೆ ಮುಂದಿನ ತುದಿ, ಅದನ್ನು ಸಿಕ್ಕಿಸುವ ಕಾರಿನ ಕೊಂಡಿಯ ಮೇಲೆ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಭಾರ ಹಾಕಬೇಕು. ಅದಕ್ಕಿಂತ ಕಡಿಮೆ ಆದರೆ ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ. ಹೆದ್ದಾರಿಯಲ್ಲಿ ಪಕ್ಕದಿಂದ ಲಾರಿಯೊಂದು ರಪ್ಪನೆ ಹೋದರೆ ಸಾಕು, ಕಾರನ್ನೂ ಸೇರಿಸಿ ಓಲಾಡಿಸಿಬಿಡುತ್ತದೆ. ಆಗ ಗಾಬರಿಯಿಂದ ಬ್ರೇಕ್ ಒತ್ತಬಾರದು. ಸ್ಟಿಯರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ತಾನಾಗಿ ನಿಧಾನ ಆಗಲು ಬಿಡಬೇಕು.

ಬೆಳಿಗ್ಗೆ ಎದ್ದು ನಮ್ಮ ಕಾರಿನ ಜೊತೆ ಬಂದ ಪುಸ್ತಕ ತೆಗೆದೆ. ಏಳು ವರ್ಷದಿಂದ ಯಾರೂ ಬಿಚ್ಚದ ಪುಸ್ತಕ. ಅದರಲ್ಲಿತ್ತು: ಸ್ವಂತ ಬ್ರೇಕ್ ಇಲ್ಲದ ಟ್ರೇಲರ್ ಆದರೆ 750 ಕಿಲೋ ಮೀರಬಾರದು. ನಮ್ಮ ಅದೃಷ್ಟ, ಅಷ್ಟಾದರೂ ಇತ್ತು. ಎಷ್ಟೋ ಕಾರುಗಳ ಪುಸ್ತಕದಲ್ಲಿ ಏನನ್ನೂ ಎಳೆಯಬೇಡಿ ಎಂದೇ ಬರೆದಿರುತ್ತದೆ. ಟ್ರೇಲರ್ ನೋಡಲು ಹೊರಡುವ ಮೊದಲು ಆ ಪುಟ ನೋಡಿ. ನಾನು ಆಮೇಲೆ ನೋಡಿದೆ.

ಇನ್ನು ಆ 750 ಕಿಲೋ ಅಂದರೆ ಖಾಲಿ ಗಾಡಿಯ ತೂಕ ಅಲ್ಲ. ನೀರು, ಸಿಲಿಂಡರ್, ಬ್ಯಾಟರಿ, ಪಾತ್ರೆ, ಬಟ್ಟೆ, ಜೋಳದ ಹಿಟ್ಟು ಎಲ್ಲ ಸೇರಿ. ಒಂದು ಲೀಟರ್ ನೀರು ಒಂದು ಕಿಲೋ. ಐವತ್ತು ಲೀಟರಿನ ಟ್ಯಾಂಕ್ ತುಂಬಿಸಿದರೆ ಒಬ್ಬ ಹುಡುಗನನ್ನು ಕೂರಿಸಿಕೊಂಡ ಹಾಗೆ. ಡಬ್ಬಿಯ ಮಾಲೀಕರು ಖಾಲಿ ತೂಕ 680 ಅಂದಿದ್ದರು. "ಲಾರಿ ತೂಗುವ ವೇ ಬ್ರಿಡ್ಜಿಗೆ ಹೋಗಿ ನೋಡೋಣ್ವಾ?" ಅಂದೆ. ಅವರ ಮುಖ ಸಣ್ಣದಾಯಿತು.

ಬಳ್ಳಾರಿಯವರಿಗೆ ವೇ ಬ್ರಿಡ್ಜ್ ಹೊಸದಾ? 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ ಅದಿರಿನ ಲಾರಿಗಳ ಸಾಲು ನೋಡಿಕೊಂಡೇ ಬದುಕಿದವರು ನಾವು. ತೂಕದ ಚೀಟಿಯಲ್ಲಿ ಏನೇನು ಬರೆಯಬಹುದು ಎನ್ನುವುದು ನಮ್ಮ ಊರಿನ ಮಕ್ಕಳಿಗೂ ಗೊತ್ತು. ಅದಕ್ಕೇ ನಾನೇ ಹೋಗಿ ನಿಂತು ತೂಗಿಸಿದೆ. ಟ್ರೇಲರನ್ನು ಕಾರಿನಿಂದ ಬಿಚ್ಚಿ, ಅದೊಂದನ್ನೇ ತಟ್ಟೆಯ ಮೇಲೆ ನಿಲ್ಲಿಸಿ. ಬಂದದ್ದು 860 ಕಿಲೋ. ನೀರಿಲ್ಲ, ಸಿಲಿಂಡರ್ ಇಲ್ಲ. ಬ್ರೇಕೂ ಇಲ್ಲ.

"ಎಲ್ಲರೂ ಎಳೀತಾರೆ ಮೇಡಂ, ಏನೂ ಆಗಲ್ಲ" ಅಂದರು.

ಏಸಿಯ ಕಥೆ ಇನ್ನೂ ಚೆನ್ನಾಗಿದೆ. ರಾತ್ರಿಯೆಲ್ಲ ಬ್ಯಾಟರಿಯಲ್ಲೇ ಓಡುತ್ತದೆ ಎಂದು ಹೇಳಿದ್ದರು. ಏಪ್ರಿಲ್‌ನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು ತಿಂದವರಿಗೆ ಇದಕ್ಕಿಂತ ಸಿಹಿ ಮಾತು ಬೇಕಾ? ಆದರೆ ಲೆಕ್ಕ ಹಾಕಿ. ಕೊಟ್ಟಿದ್ದು 12 ವೋಲ್ಟಿನ, 100 ಆಂಪಿಯರ್ ಅವರ್ ಬ್ಯಾಟರಿ. ಎರಡನ್ನೂ ಗುಣಿಸಿದರೆ 1200 ವ್ಯಾಟ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಕೈಗೆ ಸಿಗುವುದು 600. ಒಂದು ಟನ್ನಿನ ಏಸಿ ಓಡುವಾಗ ಹತ್ತಿರ ಹತ್ತಿರ ಸಾವಿರ ವ್ಯಾಟ್ ಕೇಳುತ್ತದೆ. ಅರ್ಧ ಗಂಟೆ ಚಿಲ್ಲರೆ, ಅಷ್ಟೇ. ಹಾಸಿಗೆ ಕೊಡವಿ ಮಲಗುವ ಹೊತ್ತಿಗೆ ಮುಗಿದಿರುತ್ತದೆ. ಅದೇ ಬ್ಯಾಟರಿಯಲ್ಲಿ 25 ವ್ಯಾಟಿನ ಫ್ಯಾನು ಬೆಳಗಿನವರೆಗೆ ಆರಾಮಾಗಿ ತಿರುಗುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗರು ಮಾಡುವ ಲೆಕ್ಕ ಇದು. ಹೇಳಿದ್ದಕ್ಕೆ ಆ ಸೇಲ್ಸ್ ಹುಡುಗ, "ನೀವು ಟೀಚರಾ?" ಅಂದ.

ಇಷ್ಟರಲ್ಲಿ ನಮ್ಮ ಮನೆಯವರು ಐವತ್ತು ಸಾವಿರ ಮುಂಗಡ ಕೊಟ್ಟು ಕುಳಿತಿದ್ದರು. "ಇವತ್ತೇ ಬುಕ್ ಮಾಡಿದರೆ ಈ ರೇಟು" ಎಂಬ ಮಾತಿಗೆ ಬಿದ್ದದ್ದು. ಆಮೇಲೆ ಬಂದ ಪಟ್ಟಿ ನೋಡಿದರೆ ಹೇಳಿದ ರೇಟಿಗೂ ಅದಕ್ಕೂ ಒಂದು ಲಕ್ಷಕ್ಕಿಂತ ಜಾಸ್ತಿ ವ್ಯತ್ಯಾಸ. ಕೊಂಡಿ ಕೂರಿಸಲು ಇಷ್ಟು, ಪರದೆಗೆ ಇಷ್ಟು, ಹ್ಯಾಂಡ್ಲಿಂಗ್ ಚಾರ್ಜ್ ಅಂತ ಇಷ್ಟು. ಯಾವುದನ್ನು ಹ್ಯಾಂಡಲ್ ಮಾಡಿದರೋ ಗೊತ್ತಿಲ್ಲ. ಬೇಡ, ದುಡ್ಡು ವಾಪಸ್ ಕೊಡಿ ಅಂದರೆ, ಮುಂಗಡ ವಾಪಸ್ ಇಲ್ಲ ಅಂದರು. ಪುಣ್ಯಕ್ಕೆ "ಬೇಡ ಅಂದರೆ ಪೂರ್ತಿ ವಾಪಸ್" ಎಂದು ಅವರೇ ಹಾಕಿದ ವಾಟ್ಸ್ಯಾಪ್ ಮೆಸೇಜು ನನ್ನ ಹತ್ತಿರ ಇತ್ತು. ಅದನ್ನೂ ತೂಕದ ಚೀಟಿಯನ್ನೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಮೂರು ವಾರ ಬೇಕಾಯಿತು. ದುಡ್ಡು ಬಂತು.

ಬರದೇ ಹೋಗಿದ್ದರೂ ನಾನು ಬೆಂಗಳೂರಿಗೆ ಅಲೆಯಬೇಕಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದೊಂದು ಒಳ್ಳೆಯ ಕೆಲಸ ಆಗಿದೆ. ಎಲ್ಲಿ ಕೊಂಡರೂ ನಾವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರರಲ್ಲೂ ಆಯೋಗ ಇದೆ.

ಹಾಗೆಂದು ಮೊಟ್ಟೆಯವರು ದೇವರಂಥವರು ಅಂದುಕೊಳ್ಳಬೇಡಿ. ಅವರು ಸ್ವತಃ ಗಾಡಿ ಕಟ್ಟುವವರು, ಕೈಗೆ ಗ್ರೀಸ್ ಮೆತ್ತಿಕೊಂಡೇ ಮಾತಾಡುವವರು. ಅದು ನನಗೆ ಹಿಡಿಸಿತು. ತೂಗೋಣ ಅಂದ ಕೂಡಲೇ ಹೊರಟರು. ಆದರೆ, "ಇಷ್ಟು ಚಿಕ್ಕದಕ್ಕೆ ರಿಜಿಸ್ಟ್ರೇಶನ್ ಬೇಡ" ಎಂದು ಸುಮ್ನೆ ಹೇಳಿಬಿಟ್ಟರು. ಮೋಟಾರು ವಾಹನ ಕಾಯ್ದೆ ಓದಿದರೆ, ಮೋಟಾರು ವಾಹನ ಎನ್ನುವ ಮಾತಿನ ಅರ್ಥದೊಳಗೇ ಟ್ರೇಲರನ್ನೂ ಸೇರಿಸಿದ್ದಾರೆ. ಎಂಜಿನ್ ಇಲ್ಲದಿದ್ದರೂ ಅದಕ್ಕೊಂದು ನಂಬರ್ ಬೇಕು. ಮಾರಾಟದ ಪತ್ರ ಫಾರಂ 21, ರಸ್ತೆಗೆ ಯೋಗ್ಯ ಎನ್ನುವ ಫಾರಂ 22, ಇವೆರಡೂ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡುವುದಿಲ್ಲ ಅಂದೆ. ಗೊಣಗಿದರು, ಮಾಡಿಸಿಕೊಟ್ಟರು.

ಒಂದು ಉದ್ದದ ನೋಟ್‌ಬುಕ್ ಇಟ್ಟುಕೊಂಡಿದ್ದೆ. ಅವರು ಬಾಯಲ್ಲಿ ಹೇಳಿದ್ದನ್ನೆಲ್ಲ ಬರೆದು, ಕೆಳಗೆ ಸಹಿ ಮಾಡಿ ಅನ್ನುತ್ತಿದ್ದೆ. "ನಂಬಿಕೆ ಇಲ್ವಾ ಮೇಡಂ?" ಎಂದು ಕೇಳಿದರು. "ನಂಬಿಕೆ ಇದೆ, ಮರೆವು ಜಾಸ್ತಿ" ಅಂದೆ.

ಮೊಟ್ಟೆಯ ನಿಜವಾದ ತೊಂದರೆ ಬೇರೆ ಇತ್ತು. ಅಡುಗೆಮನೆ ಹಿಂದೆ. ಅಂದರೆ ಒಲೆ, ಸಿಲಿಂಡರ್, ಪಾತ್ರೆ ಹಿಂದೆ. ನೀರಿನ ಟ್ಯಾಂಕೂ ಬ್ಯಾಟರಿಯೂ ಅಲ್ಲೇ. ಅಪ್ಪ ಇದ್ದಿದ್ದರೆ ಒಂದೇ ನೋಟಕ್ಕೆ ಹೇಳುತ್ತಿದ್ದ, ಹಿಂಭಾರ ಎಂದು. ನಾನು ಮನೆಯಿಂದ ಮೈತೂಕ ನೋಡುವ ಯಂತ್ರ ಒಯ್ದಿದ್ದೆ. ಎಲ್ಲ ತುಂಬಿದಾಗ ಗಾಡಿಯ ಒಟ್ಟು ತೂಕ 640 ಕಿಲೋ. ಮೂತಿಯ ಕೆಳಗೆ, ಕಾರಿನ ಕೊಂಡಿ ಎಷ್ಟು ಎತ್ತರ ಇರುತ್ತದೋ ಅಷ್ಟಕ್ಕೆ ಮರದ ತುಂಡು ಇಟ್ಟು, ಅದರ ಕೆಳಗೆ ಯಂತ್ರ ಇಟ್ಟು ನೋಡಿದರೆ 28 ಕಿಲೋ. ಇರಬೇಕಾದದ್ದು 64ರಿಂದ 96ರ ಒಳಗೆ. ಪರೀಕ್ಷೆಗೆಂದು ರಿಂಗ್ ರೋಡಿನಲ್ಲಿ ಎಳೆದುಕೊಂಡು ಹೋದೆವು. ಅರವತ್ತು ದಾಟಿದ್ದೇ ತಡ, ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಆಚೀಚೆ ಜಗ್ಗಿದ ಹಾಗೆ ಆಯಿತು. ನಮ್ಮ ಮನೆಯವರು ಅವತ್ತಿನಿಂದ ಪರದೆ ಬಗ್ಗೆ ಮಾತಾಡಿಲ್ಲ.

ವರ್ಕ್‌ಶಾಪಿನವರು ಅದನ್ನು ಒಪ್ಪಿಕೊಂಡರು. ಟ್ಯಾಂಕನ್ನು ಚಕ್ರದ ಅಚ್ಚಿನ ಮುಂದಕ್ಕೆ ತಂದರು, ಬ್ಯಾಟರಿಯನ್ನು ಮೂತಿಯ ಹತ್ತಿರದ ಪೆಟ್ಟಿಗೆಗೆ ಹಾಕಿದರು. ಮತ್ತೆ ತೂಗಿದರೆ 74. ಎಂಬತ್ತರಲ್ಲಿ ಹೋದರೂ ಗಾಡಿ ಹಿಂದೆ ಇದೆಯೋ ಇಲ್ಲವೋ ಅನ್ನುವಷ್ಟು ಸುಮ್ಮನೆ ಬಂತು. ಈ ಕೆಲಸಕ್ಕೆ ಆರು ವಾರ ತಡ ಮಾಡಿದರು ಎನ್ನುವುದೂ ನಿಜ. ದಿನಕ್ಕೊಂದು ನೆಪ. ಒಮ್ಮೆ ವೆಲ್ಡರ್ ಊರಿಗೆ ಹೋಗಿದ್ದ, ಒಮ್ಮೆ ಪೇಂಟ್ ಒಣಗಿರಲಿಲ್ಲ.

ಗಾಡಿ ತೆಗೆದುಕೊಳ್ಳುವ ದಿನ ಎರಡು ಕೆಲಸ ಮಾಡಿದೆ. ಒಂದು, ಪೈಪು ಹಿಡಿದು ಅರ್ಧ ಗಂಟೆ ಚಾವಣಿಯ ಮೇಲೆ, ಕಿಟಕಿಯ ಸುತ್ತ ನೀರು ಬಿಡಿಸಿದೆ. ಆಮೇಲೆ ಒಳಗೆ ಹೋಗಿ ಹಾಸಿಗೆ ಎತ್ತಿ ಮೂಲೆಮೂಲೆ ಬೆರಳಿಟ್ಟು ಒತ್ತಿ ನೋಡಿದೆ. ಪ್ಲೈವುಡ್ ಒಮ್ಮೆ ನೀರು ಕುಡಿದರೆ ಮುಗೀತು, ಹೊರಗೆ ಥಳಥಳ ಅನ್ನುತ್ತಿದ್ದರೂ ಒಳಗೊಳಗೇ ಕೊಳೆಯುತ್ತದೆ. ಎರಡನೆಯದು ಟೈರು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮದರಲ್ಲಿ 1419 ಇತ್ತು. ಅಂದರೆ 2019ರ ಹದಿನಾಲ್ಕನೇ ವಾರ. ಹೊಸ ಗಾಡಿಗೆ ಐದು ವರ್ಷದ ಹಳೆ ಟೈರು! ಗೀರು ಒಂದೂ ಇರಲಿಲ್ಲ, ಫಳಫಳ ಹೊಳೆಯುತ್ತಿತ್ತು. ಆದರೆ ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ, ನಮ್ಮ ಹಾಗೆ. ಬದಲಾಯಿಸಿಕೊಟ್ಟ ಮೇಲೆ ಕೊನೆಯ ಕಂತು ಕೊಟ್ಟೆ.

ಶೌಚಾಲಯ ಇಲ್ಲ ಎನ್ನುವುದು ಒಂದು ಕೊರತೆಯೇ. ಅದನ್ನು ಮುಚ್ಚಿಡುವುದಿಲ್ಲ. ಹೆಣ್ಣುಮಕ್ಕಳಿಗೆ ಅದು ಸಣ್ಣ ವಿಷಯ ಅಲ್ಲ. ಒಂದು ಮಡಚುವ ಕಮೋಡು, ಒಂದು ನಿಲ್ಲಿಸುವ ಡೇರೆ ಕೊಂಡಿದ್ದೇವೆ. ಇಷ್ಟು ದಿನ ನಡೆದಿದೆ. ಸಾಣಾಪುರದ ಕೆರೆ ಹತ್ತಿರ ಪರಿಚಯದವರ ತೋಟದಲ್ಲಿ ಎರಡು ರಾತ್ರಿ ಇದ್ದೆವು. ಬೆಳಿಗ್ಗೆ ಡಿಕ್ಕಿ ಬಾಗಿಲು ಎತ್ತಿ ನಮ್ಮ ಮನೆಯವರೇ ಮಂಡಾಳು ಒಗ್ಗರಣೆ ಮಾಡಿದರು, ಮಿರ್ಚಿ ಕರಿದರು.

ಗಾಡಿ ಬಳ್ಳಾರಿಗೆ ಬಂದ ದಿನದ್ದು ಒಂದು ಹೇಳಿ ಮುಗಿಸುತ್ತೇನೆ. ನಮ್ಮ ಓಣಿ ಕಿರಿದು. ಗೇಟಿನೊಳಗೆ ಹಿಂದಕ್ಕೆ ಬಿಡಬೇಕು. ಟ್ರೇಲರ್ ಕಟ್ಟಿದಾಗ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದೆ. ನಮ್ಮ ಮನೆಯವರು ಅರ್ಧ ಗಂಟೆ ಒದ್ದಾಡಿದರು. ಓಣಿಯವರೆಲ್ಲ ಕುರ್ಚಿ ಹಾಕಿಕೊಂಡು ನೋಡುವುದೊಂದು ಬಾಕಿ. ಆಗ ಪಕ್ಕದ ಮನೆಗೆ ಭತ್ತದ ಚೀಲ ಇಳಿಸಲು ಸಿರುಗುಪ್ಪದ ಕಡೆಯಿಂದ ಟ್ರ್ಯಾಕ್ಟರ್ ತಂದಿದ್ದ ಹುಡುಗ, "ಕೀ ಕೊಡ್ರಿ ಸಾರ್" ಅಂದ. ಮೊದಲ ಸಲ ಅವನಿಗೂ ತಪ್ಪಿತು. "ಇದು ಭಾಳ ಗಿಡ್ಡ ಐತ್ರಿ, ಜಲ್ದಿ ಮುರಕೊಂತೈತಿ" ಅಂದ. ಎರಡನೇ ಸಲ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಒಳಗೆ ಬಿಟ್ಟ. ಇಳಿದು ಬಂದು ಬಾಗಿಲು ತೆಗೆದು ಇಣುಕಿ ನೋಡಿದ.

"ಎಷ್ಟು ಚೀಲ ಹಿಡಿತೈತ್ರಿ?"

"ಚೀಲ ಅಲ್ಲಪ್ಪ, ಇಬ್ಬರು ಮಲಗೋದಕ್ಕೆ" ಅಂದೆ.

ಅವನು ಒಮ್ಮೆ ಗಾಡಿ ನೋಡಿದ, ಒಮ್ಮೆ ನಮ್ಮ ಮನೆ ನೋಡಿದ. "ಮನಿ ಮುಂದ ಐತಲ್ರಿ" ಅಂದು ಟ್ರ್ಯಾಕ್ಟರ್ ಹತ್ತಿ ಹೊರಟುಹೋದ.

ನಮಸ್ಕಾರ.