ಆ ಎರಡನೇ ಕುರ್ಚಿ

ಎಲ್ಲರಿಗೂ ನಮಸ್ಕಾರ. ನಾನು ಕಿಡ್ನಿ ಡಾಕ್ಟರು. ನನ್ನ ರೂಮಿನಲ್ಲಿ ಬಂದವರಿಗೆ ಎರಡು ಕುರ್ಚಿ. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಮಗ. "ಊಟ ಸೇರುತ್ತಾ ಯಜಮಾನ್ರೇ?" ಅಂತ ಅಪ್ಪನನ್ನು ಕೇಳಿದರೆ ಮಗ ಹೇಳುತ್ತಾನೆ, "ಸೇರಲ್ಲ ಸಾರ್." ನಾನೂ ಎಷ್ಟೋ ವರ್ಷ ಅದನ್ನೇ ಬರೆದುಕೊಂಡಿದ್ದೇನೆ.

ಒಬ್ಬರು ಹಾಗೇ ಬಂದರು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ನಾನು ಹೇಳಿದೆ: ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಬಂದು ಡಯಾಲಿಸಿಸ್, ಅಂದರೆ ಮಿಷನ್ನಿನಲ್ಲಿ ರಕ್ತ ಶುದ್ಧ ಮಾಡುವುದು, ಸಲಕ್ಕೆ ನಾಲ್ಕು ಗಂಟೆ. ಮಗ ತಕ್ಷಣ, "ಮಾಡಿ ಸಾರ್, ಎಲ್ಲಿ ಸೈನ್ ಹಾಕಬೇಕು?" ಅಪ್ಪ ಟವೆಲ್ಲಿನ ತುದಿ ಸುತ್ತುತ್ತಾ ಕೂತಿದ್ದರು. ಅವತ್ತು ಯಾಕೋ ಮನಸ್ಸು ಒಪ್ಪಲಿಲ್ಲ. ಮಗನನ್ನು ಟೀ ಕುಡಿಯಲು ಕಳಿಸಿದೆ.

ಆಮೇಲೆ ಅವರು ಕೇಳಿದ್ದು ಒಂದೇ: "ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಆಗುತ್ತಾ?"

ನಾನು ಹೇಳದೇ ಬಿಟ್ಟಿದ್ದು ಆಗ ನೆನಪಾಯಿತು. ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಇದೆ. ಹೊಟ್ಟೆಗೊಂದು ಸಣ್ಣ ಟ್ಯೂಬು, ಸುಮಾರು 2 ಲೀಟರ್ ದ್ರವ ಒಳಗೆ ಬಿಟ್ಟು ಕೆಲವು ಗಂಟೆ ಇಟ್ಟು ಹೊರಗೆ ತೆಗೆಯುವುದು, ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ. ಆಸ್ಪತ್ರೆಗೆ ಓಡಾಟ ಕಡಿಮೆ. ಆದರೆ ಕೈ ಶುದ್ಧವಾಗಿರಬೇಕು, ಇಲ್ಲದಿದ್ದರೆ ಹೊಟ್ಟೆಯೊಳಗೆ ಸೋಂಕು. ತೀರಾ ವಯಸ್ಸಾಗಿ ಬೇರೆ ಕಾಯಿಲೆಗಳೂ ಜಾಸ್ತಿ ಇರುವವರಿಗೆ ಡಯಾಲಿಸಿಸ್ ಬೇಡ, ಸಂಕಟಕ್ಕೆ ಮಾತ್ರ ಔಷಧಿ ಸಾಕು ಅನ್ನುವ ದಾರಿಯೂ ಇದೆ. ಅದನ್ನು ಹೇಳಲು ನಮಗೆ ಬಾಯಿ ಬರುವುದಿಲ್ಲ, ಅಷ್ಟೇ.

ಹಾಗಂತ ಎಲ್ಲ ಹೇಳಿ "ನಿಮ್ಮಿಷ್ಟ" ಅಂತ ಕೈ ತೊಳೆದುಕೊಳ್ಳುವುದೂ ಸರಿಯಲ್ಲ. "ನೀವೇ ಹೇಳಿ ಸಾರ್" ಅಂದರೆ ನಾನು ಹೇಳಲೇಬೇಕು. ಆದರೆ ಅವರ ದಿನ ಹೇಗೆ ಕಳೆಯುತ್ತೆ ಅಂತ ಕೇಳಿಕೊಂಡ ಮೇಲೆ.

ಮನೆಯವರು ಒಪ್ಪಿದರೆ ಸಾಲದು ಅಂತ ಸುಪ್ರೀಂ ಕೋರ್ಟೇ 2008ರಲ್ಲಿ ಹೇಳಿದೆ. ದೆಹಲಿಯ ಮಹಿಳೆಯೊಬ್ಬರು ಲ್ಯಾಪರೋಸ್ಕೋಪಿಗೆ, ಅಂದರೆ ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆಗೆ ಅಂತ ಹೋಗಿದ್ದರು. ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯನ್ನು ಕೇಳಿ ಗರ್ಭಕೋಶ ತೆಗೆದರು. ಅದು ಜೀವ ಹೋಗುವ ತುರ್ತು ಆಗಿರಲಿಲ್ಲ. ಎಚ್ಚರವಾಗುವವರೆಗೆ ಕಾದು ಅವರನ್ನೇ ಕೇಳಬಹುದಿತ್ತಲ್ವಾ? ತಾಯಿಯ ಒಪ್ಪಿಗೆ ನಡೆಯಲ್ಲ ಅಂದಿತು ಕೋರ್ಟು.

ನಮ್ಮ ಯಜಮಾನರು ಮನೆಯ ಡಯಾಲಿಸಿಸ್ ಬೇಡ ಅಂದರು. "ಕೊಟ್ಟಿಗೆ ಕೈ ಇದು, ಎಷ್ಟು ಸಲ ತೊಳೀಲಿ?" ಮಿಷನ್ನೇ ಇರಲಿ, ಆದರೆ ಮಧ್ಯಾಹ್ನದ ಶಿಫ್ಟು. ಬೆಳಗಿನ ಹಾಲು ಮುಗಿಸಿ ಬಸ್ಸು ಹತ್ತುತ್ತಾರಂತೆ. ಸರಿ, ಫಿಸ್ಟುಲಾ ಆಪರೇಷನ್ನಿಗೆ ಎಡಗೈ ತೋರಿಸಿ ಅಂದೆ. ಮಿಷನ್ನಿಗೆ ರಕ್ತ ಸಿಗಲಿ ಅಂತ ಕೈಯ ರಕ್ತನಾಳಗಳನ್ನು ಜೋಡಿಸುವ ಆಪರೇಷನ್ ಅದು. ಸಾಮಾನ್ಯವಾಗಿ ಕೆಲಸ ಕಡಿಮೆ ಮಾಡುವ ಕೈಗೇ ಅದನ್ನು ಮಾಡೋದು.

"ನಾನು ಎಡಚ ಸಾರ್. ಕುಡುಗೋಲು ಹಿಡಿಯೋದು ಇದೇ ಕೈಯಲ್ಲಿ."

ಫೈಲಿನಲ್ಲಿ ಕ್ರಿಯಾಟಿನಿನ್ ಇತ್ತು, ಹಿಮೋಗ್ಲೋಬಿನ್ ಇತ್ತು. ಇದು ಇರಲಿಲ್ಲ. 'ಬಲಗೈ' ಅಂತ ಬರೆದು ಕಾಗದ ಮುಂದಿಟ್ಟೆ. ಅಷ್ಟರಲ್ಲಿ ಮಗ ಬಾಗಿಲಲ್ಲಿ ಇಣುಕಿದ, "ಸೈನ್ ಹಾಕೋದಿತ್ತಲ್ಲಾ ಸಾರ್?"

"ಹಾಕಾಯ್ತು ಕಣೋ," ಅಂದರು ಅಪ್ಪ.